ಗಲ್ಲಾದ ಪಾಠವೂ ಕಾಲೇಜಿನ ಪಾಠವೂ

ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾದ ಕೂಡಲೆ ಚೆನ್ನೈ ನಗರದ ಕಾಲೇಜುಗಳು ಹಂಚುವ ಪರಿಚಯ ಪುಸ್ತಿಕೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಪದವು ತಪ್ಪದೆ ಕಾಣಿಸಿಕೊಳ್ಳುತ್ತಿದೆ. ಅದು ‘ಉದ್ಯಮಶೀಲತೆ’. ವಾಣಿಜ್ಯ ಪದವಿಯ ಜತೆಗೆ ಉದ್ಯಮಶೀಲತೆ, ಆಡಳಿತ ನಿರ್ವಹಣೆಯ ಪದವಿಯೊಳಗೆ ಉದ್ಯಮಶೀಲತೆ, ಇಂಜಿನಿಯರಿಂಗ್ ಕಾಲೇಜಾದರೆ ಹೆಬ್ಬಾಗಿಲಿನಲ್ಲಿಯೇ ನವೋದ್ಯಮ ಕೇಂದ್ರದ ಫಲಕ. ತಿರುವಲ್ಲಿಕ್ಕೇಣಿಯ ಮೆಸ್ಸಿನಲ್ಲಿ ಸಪ್ಲೈಯರಾಗಿ ದುಡಿಯುವವರೂ, ಜಾರ್ಜ್ ಟೌನಿನ ಸಗಟು ವ್ಯಾಪಾರದ ಮಳಿಗೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತರೂ ಈ ಪುಸ್ತಿಕೆಯನ್ನು ಮಗನ ಕೈಯಿಂದ ತೆಗೆದುಕೊಂಡು ತಿರುವಿ ನೋಡುತ್ತಾರೆ. ಮೂರು ವರ್ಷಗಳ ಶುಲ್ಕವನ್ನು ಕೂಡಿಸಿದಾಗ ಬರುವ ಮೊತ್ತವು ಊರಿನಲ್ಲಿ ಮನೆಗೆ ಹಂಚು ಹೊದಿಸುವುದಕ್ಕೋ, ಮಗಳ ಮದುವೆಗೋ ಕೂಡಿಟ್ಟ ಹಣಕ್ಕೆ ಸಮನಾಗಿರುತ್ತದೆ. ಇಷ್ಟನ್ನು ಕೊಟ್ಟು ಕೊಳ್ಳುವ ಸರಕು ಎಂತಹದು? ಅದರಿಂದ ಹುಡುಗನು ಸ್ವಂತ ಕಾಲ ಮೇಲೆ ನಿಲ್ಲುವನೆಂಬುದಕ್ಕೆ ಆಧಾರವೇನು? ಈ ಪ್ರಶ್ನೆಯು ವಿದ್ಯಾ ಇಲಾಖೆಯವರಿಗಷ್ಟೇ ಸೇರಿದುದೆಂದು ನಮ್ಮ ವಾಚಕರು ಭಾವಿಸಬೇಕಾಗಿಲ್ಲ.

ಪದದ ವಿಚಾರವಾಗಿ ಒಂದು ಮಾತು. ‘ಉದ್ಯೋಗ’ವೆಂಬ ಶಬ್ದಕ್ಕೆ ಮೂಲದಲ್ಲಿದ್ದ ಅರ್ಥ ಪ್ರಯತ್ನ, ಕಾರ್ಯೋತ್ಸಾಹ. ಈಗ ನಾವು ಅದನ್ನು ತಿಂಗಳ ಸಂಬಳದ ನೌಕರಿಗೆ ಮಾತ್ರ ಮೀಸಲಾಗಿಟ್ಟಿದ್ದೇವೆ. ಬಿಟ್ಟುಹೋದ ಅರ್ಥವನ್ನು ತುಂಬಿಕೊಳ್ಳುವುದಕ್ಕಾಗಿ ‘ಉದ್ಯಮಶೀಲತೆ’ ಎಂಬ ಉದ್ದನೆಯ ಶಬ್ದವನ್ನು ಕಟ್ಟಬೇಕಾಯಿತು. ಶಬ್ದಕ್ಕೆ ಸಂಭವಿಸಿದುದೇ ನಮ್ಮ ವಿದ್ಯಾಭ್ಯಾಸಕ್ಕೂ ಸಂಭವಿಸಿತೆಂದರೆ ಅತಿಶಯೋಕ್ತಿಯಾಗಲಾರದು. 1911ರಲ್ಲಿ ಸ್ಥಾಪಿತವಾದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ವಿಶ್ವೇಶ್ವರಯ್ಯನವರು ಬೇಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಈ ವಿಷಯಗಳ ಸಮಿತಿಗಳನ್ನು ಒಂದೇ ಚಪ್ಪರದ ಕೆಳಗೆ ಕೂರಿಸಿದ್ದರು. ಆ ಬಳಿಕ ಬಂದ ಕಾಲೇಜುಗಳು ಮಾತ್ರ ಬಹುಮಟ್ಟಿಗೆ ಗುಮಾಸ್ತರನ್ನೂ ಅಧಿಕಾರಿಗಳನ್ನೂ ತಯಾರು ಮಾಡುವುದರಲ್ಲಿಯೇ ತೃಪ್ತಿ ಹೊಂದಿದವು.

ಹೆಸರಿಲ್ಲದ ವಿದ್ಯಾಲಯ

ಮದರಾಸಿನ ಕನ್ನಡಿಗರಿಗೆ ಉದ್ಯಮದ ಶಿಕ್ಷಣವು ಹೊಸದಲ್ಲ. ಅದಕ್ಕೆ ಹೆಸರು, ಮುದ್ರೆ, ಪದವಿಪತ್ರಗಳು ಇರಲಿಲ್ಲವೆಂಬುದಷ್ಟೇ ವ್ಯತ್ಯಾಸ. ತುಳುನಾಡಿನ ಕಡಂದಲೆಯ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಈ ನಗರಕ್ಕೆ ಬಂದಾಗ ಅಡಿಗೆಮನೆಯ ಕೆಲಸವಲ್ಲದೆ ಬೇರೆ ಬಂಡವಾಳ ಅವರಲ್ಲಿ ಇರಲಿಲ್ಲ. ಕೈಯಾಳಾಗಿ ದುಡಿದು, ದುಡಿಮೆ ಕೊಟ್ಟ ಧಣಿಯಿಂದಲೇ ಒಂದು ಸಣ್ಣ ಹೋಟೆಲನ್ನು ಕಂತಿನ ಮೇಲೆ ವಹಿಸಿಕೊಂಡು, ಮುಂದೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನೂ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸನ್ನೂ, 1952ರಲ್ಲಿ ಮೈಲಾಪುರದಲ್ಲಿ ನ್ಯೂ ವುಡ್‌ಲ್ಯಾಂಡ್ಸನ್ನೂ ಸ್ಥಾಪಿಸಿದರು. 1962ರಲ್ಲಿ ಕೆಥೀಡ್ರಲ್ ರೋಡಿನಲ್ಲಿ ಆರಂಭಿಸಿದ ಡ್ರೈವ್ ಇನ್ ಹೋಟೆಲಿನಲ್ಲಿ ಕಾರಿನಲ್ಲಿ ಕುಳಿತೇ ದೋಸೆ ತಿಂದವರ ನೆನಪು ಈ ನಗರದಲ್ಲಿ ಇನ್ನೂ ಮಾಸಿಲ್ಲ. ಪೂನಮಲ್ಲಿ ಹೈರೋಡಿನಲ್ಲಿ 1954ರಲ್ಲಿ ದಾಸಪ್ರಕಾಶವನ್ನು ಕಟ್ಟಿ ನಿಲ್ಲಿಸಿದ ಕೆ. ಸೀತಾರಾಮರಾಯರ ಹೆಸರನ್ನೂ ಇದರ ಜತೆಗೆ ಹೇಳತಕ್ಕದ್ದು.

ಈ ವಿದ್ಯಾಲಯದಲ್ಲಿ ಪಾಠದ ಕ್ರಮ ಎಂತಹದಿತ್ತು? ಹತ್ತು ಹನ್ನೆರಡು ವರ್ಷದ ಹುಡುಗನು ತಟ್ಟೆ ಲೋಟ ತೊಳೆಯುವುದರಿಂದ ಮೊದಲುಮಾಡಿ, ಮೇಜು ಒರೆಸಿ, ಮಾಣಿಯಾಗಿ, ಸ್ಟೋರಿನ ಬೀಗದ ಕೈ ಹಿಡಿದು, ಕೊನೆಗೆ ಗಲ್ಲಾದ ಮೇಲೆ ಕೂರುತ್ತಿದ್ದನು. ಇಷ್ಟು ಹೊತ್ತಿಗೆ ಒಂದು ಸೇರು ಉದ್ದಿಗೆ ಎಷ್ಟು ಅಕ್ಕಿ ಹಾಕಿದರೆ ಎಷ್ಟು ಇಡ್ಲಿ ಏಳುತ್ತದೆ, ಮಳೆ ಬಂದ ದಿನ ಹಿಟ್ಟನ್ನು ಎಷ್ಟು ಕಡಮೆ ರುಬ್ಬಬೇಕು, ಕಿರಾಣಿ ಅಂಗಡಿಯವನು ಎಷ್ಟು ದಿನ ಸಾಲ ತಡೆಯುತ್ತಾನೆ, ಯಾವ ಮೂಲೆಯ ಅಂಗಡಿಗೆ ಬೆಳಗಿನ ಜನ, ಯಾವುದಕ್ಕೆ ಸಂಜೆಯ ಜನ ಎಂಬುದೆಲ್ಲ ಅವನಿಗೆ ಕರತಲಾಮಲಕವಾಗಿರುತ್ತಿತ್ತು. ರಾತ್ರಿ ಬಾಗಿಲು ಹಾಕಿದ ಮೇಲೆ ಯಜಮಾನರು ಶಿಲ್ಕು ಎಣಿಸುವಾಗ ಬಳಿಯಲ್ಲಿ ನಿಂತು ನೋಡಿದುದೇ ಅವನ ಲೆಕ್ಕಶಾಸ್ತ್ರ. ಪಾಠ ತಪ್ಪಿದರೆ ಅದೇ ದಿನ ಸಂಜೆ ಸಾಂಬಾರಿನ ಕೊಪ್ಪರಿಗೆಯಲ್ಲಿ ಮಿಕ್ಕದ್ದು ಅವನಿಗೆ ಅಂಕವನ್ನು ಕೊಡುತ್ತಿತ್ತು. ಇಷ್ಟು ಬೇಗನೆ ಫಲಿತಾಂಶ ಪ್ರಕಟಿಸುವ ವಿಶ್ವವಿದ್ಯಾಲಯವು ಬೇರೆ ಇದೆಯೆಂದು ನಮಗೆ ತೋರುವುದಿಲ್ಲ.

ಆದರೆ ಈ ವಿದ್ಯಾಲಯವನ್ನು ಹೊಗಳುತ್ತ ಕುಳಿತರೆ ಸತ್ಯಕ್ಕೆ ಅಪಚಾರವಾದೀತು. ಗೆದ್ದವರ ಹೆಸರು ಬೋರ್ಡಿನ ಮೇಲೆ ಬರೆಯಲ್ಪಟ್ಟಿತು. ಮೂವತ್ತು ವರ್ಷ ಮಾಣಿಯಾಗಿಯೇ ಉಳಿದು, ಉಬ್ಬಸದೊಡನೆ ಊರಿಗೆ ಹಿಂದಿರುಗಿದವರನ್ನು ಯಾರೂ ಎಣಿಸಲಿಲ್ಲ. ಹೋಟೆಲು ತೆರೆದು ಎರಡೇ ವರ್ಷದಲ್ಲಿ ಪಾತ್ರೆ ಪರಡಿಗಳನ್ನು ಮಾರಿದವರ ಪಟ್ಟಿಯನ್ನೂ ಯಾರೂ ಇಟ್ಟಿಲ್ಲ. ಧಣಿಯ ಊರು, ಜಾತಿ, ನೆಂಟಸ್ತಿಕೆ ಇದ್ದವನಿಗೆ ಗಲ್ಲಾ ಬೇಗ ದೊರೆಯುತ್ತಿತ್ತು; ಇಲ್ಲದವನಿಗೆ ಸ್ಟೋರಿನ ಬಾಗಿಲೂ ತೆರೆಯುತ್ತಿರಲಿಲ್ಲ. ಹೆಂಗಸರಿಗಂತೂ ಈ ಶಾಲೆಯಲ್ಲಿ ಪ್ರವೇಶವೇ ಇರಲಿಲ್ಲ. ಪುಟ್ಟ ಹುಡುಗರನ್ನು ದುಡಿಸಿದ ಆ ಪದ್ಧತಿಯು ಮರಳಿ ಬರಬೇಕೆಂದು ಯಾವ ವಿವೇಕಿಯೂ ಹೇಳಲಾರನು. ಕೃಷ್ಣರಾಯರು ಗೆದ್ದರೆಂಬುದರಿಂದ ಆ ಶಾಲೆಯು ಒಳ್ಳೆಯದೆಂದು ಸಿದ್ಧವಾಗುವುದಿಲ್ಲ. ಅದೇ ಕಾಲೇಜಿನ ಒಬ್ಬ ವಿದ್ಯಾರ್ಥಿಯು ಕೋಟ್ಯಧೀಶನಾದನೆಂದು ಪುಸ್ತಿಕೆಯ ಮುಖಪುಟದಲ್ಲಿ ಚಿತ್ರ ಅಚ್ಚು ಹಾಕಿಸಿದುದರಿಂದ ಆ ಕಾಲೇಜೂ ಒಳ್ಳೆಯದೆಂದು ಸಿದ್ಧವಾಗುವುದಿಲ್ಲ. ಎಷ್ಟು ಜನ ಸೇರಿದರು, ಎಷ್ಟು ಜನ ದಡ ಮುಟ್ಟಿದರು, ಆ ಶಾಲೆಗೆ ಹೋಗದಿದ್ದರೂ ಅವರು ದಡ ಮುಟ್ಟುತ್ತಿರಲಿಲ್ಲವೆ? ಈ ಮೂರನ್ನೂ ಕೇಳಿದ ಮೇಲೆಯೇ ಮೌಲ್ಯದ ಮಾತು.

ಎಣಿಸುವ ಪ್ರಯತ್ನ

ಇಂತಹ ಪ್ರಶ್ನೆಯನ್ನು ಕೇಳಿದವರು ನಮ್ಮ ನೆರೆಯಲ್ಲಿಯೇ ಇದ್ದರು. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡರು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯೊಡನೆ ಕೂಡಿ, ಆಂಧ್ರದ ಕಡಲತೀರದ ಕಾಕಿನಾಡ ಪಟ್ಟಣದ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿದರು. ಹಣ ಕೊಡಲಿಲ್ಲ, ಯಂತ್ರ ಕೊಡಲಿಲ್ಲ. ಗುರಿಯನ್ನು ನಿಶ್ಚಯಿಸುವುದು, ಅಳೆದು ನೋಡಿ ಅಪಾಯಕ್ಕೆ ಕೈಹಾಕುವುದು, ಫಲವನ್ನು ತಾನೇ ಪರೀಕ್ಷಿಸಿಕೊಳ್ಳುವುದು ಇವನ್ನಷ್ಟೇ ಅಭ್ಯಾಸ ಮಾಡಿಸಿದರು. ಆ ಬಳಿಕ ತರಬೇತಿ ಪಡೆದವರನ್ನು ಪಡೆಯದವರೊಡನೆ ಹೋಲಿಸಿದರು. ಪಡೆದವರು ಹೆಚ್ಚು ಹೊತ್ತು ದುಡಿದಿದ್ದರು, ಹೆಚ್ಚು ಬಂಡವಾಳ ಹೂಡಿದ್ದರು, ಹೆಚ್ಚು ಆಳುಗಳನ್ನು ಇಟ್ಟುಕೊಂಡಿದ್ದರು. ವಿವರಗಳು 1969ರಲ್ಲಿ ಗ್ರಂಥರೂಪವಾಗಿ ಹೊರಬಂದವು. ನಮ್ಮ ಜನರಿಗೆ ಹಣೆಬರಹದಲ್ಲಿಯೇ ನಂಬಿಕೆ, ಇವರಿಂದ ಸಾಹಸವಾಗದು ಎಂದು ಆ ಕಾಲದಲ್ಲಿ ಹೇಳುತ್ತಿದ್ದವರ ಬಾಯಿಗೆ ಇದರಿಂದ ತಕ್ಕಮಟ್ಟಿಗೆ ಬೀಗ ಬಿದ್ದಿತು. ಈ ಜಾಡಿನಲ್ಲಿಯೇ 1983ರಲ್ಲಿ ಅಹಮದಾಬಾದಿನ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆಯು ಹುಟ್ಟಿತು.

ಕಾಲೇಜುಗಳು ಈ ದಾರಿಯನ್ನು ಹಿಡಿದುದು ಬಹಳ ತಡವಾಗಿ. 2016ರ ಜನವರಿಯಲ್ಲಿ ಭಾರತ ಸರಕಾರವು ನವೋದ್ಯಮಗಳ ಯೋಜನೆಯನ್ನು ಘೋಷಿಸಿದ ತರುವಾಯ ಎಲ್ಲಕ್ಕೂ ವೇಗ ಬಂದಿತು. 2018ರಿಂದ ಕಾಲೇಜು ಕಾಲೇಜಿನಲ್ಲಿಯೂ ಆವಿಷ್ಕಾರ ಪರಿಷತ್ತುಗಳು ಸ್ಥಾಪಿತವಾದವು. 2019ರಲ್ಲಿ ವಿದ್ಯಾರ್ಥಿಗಳ ನವೋದ್ಯಮಕ್ಕೆ ರಾಷ್ಟ್ರೀಯ ನೀತಿಯು ಬಂದಿತು. ಅದೇ ವರ್ಷದಿಂದ ಕೇಂದ್ರ ಸರಕಾರವು ಆವಿಷ್ಕಾರದಲ್ಲಿ ವಿದ್ಯಾಸಂಸ್ಥೆಗಳಿಗೆ ಸ್ಥಾನಗಳನ್ನು ಕೊಡತೊಡಗಿತು. 2019, 2020, 2021 ಈ ಮೂರು ವರ್ಷವೂ ಪ್ರಥಮ ಸ್ಥಾನವು ನಮ್ಮ ಅಡಯಾರಿನ ಮಗ್ಗುಲಲ್ಲಿರುವ ಮದರಾಸ್ ಐಐಟಿಗೆ ದೊರೆಯಿತು. ವಿದ್ಯುತ್ ಸ್ಕೂಟರಿನ ಏಥರ್ ಕಂಪೆನಿಯೂ, 2024ರ ಮೇ ತಿಂಗಳಲ್ಲಿ ತನ್ನ ರಾಕೆಟನ್ನು ಶ್ರೀಹರಿಕೋಟೆಯಿಂದ ಹಾರಿಸಿದ ಅಗ್ನಿಕುಲ್ ಸಂಸ್ಥೆಯೂ ಆ ಆವರಣದಲ್ಲಿಯೇ ಬೆಳೆದವು. ಇದು ಹೆಮ್ಮೆಯ ಸಂಗತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ದೇಶದ ಅತಿ ಕಠಿಣವಾದ ಪ್ರವೇಶ ಪರೀಕ್ಷೆಯನ್ನು ದಾಟಿ ಬಂದ ಹುಡುಗನು ಏನನ್ನಾದರೂ ಕಟ್ಟಿದರೆ ಅದರಲ್ಲಿ ಶಿಕ್ಷಣದ ಪಾಲೆಷ್ಟು, ಹುಡುಗನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಮಧ್ಯಾಹ್ನದ ಪಾಳಿಯಲ್ಲಿ ಬಿ.ಕಾಂ. ಓದಿ ಸಂಜೆ ಜವಳಿ ಅಂಗಡಿಯಲ್ಲಿ ಬಟ್ಟೆ ಮಡಿಸುವ ಹುಡುಗನ ಕಾಲೇಜಿಗೆ ಇದೇ ಅಳತೆಗೋಲು ಹೊಂದುವುದಿಲ್ಲ.

ಆ ಸ್ಥಾನನಿರ್ಣಯದಲ್ಲಿ ಎಣಿಸಿದುದು ಏನನ್ನು? ನವೋದ್ಯಮಗಳ ಸಂಖ್ಯೆಯೂ ಇತ್ತು; ಅದರೊಡನೆ ವೆಚ್ಚ ಮಾಡಿದ ಹಣ, ಕಟ್ಟಡ ಸಲಕರಣೆ, ನಡೆಸಿದ ಅರಿವಿನ ಕಾರ್ಯಕ್ರಮ, ಪಡೆದ ಪೇಟೆಂಟು ಇವುಗಳೂ ಇದ್ದವು. ಅಡಿಗೆಮನೆಯಲ್ಲಿ ಎಷ್ಟು ಪಾತ್ರೆಗಳಿವೆಯೆಂದು ಎಣಿಸಿ ಹೋಟೆಲಿನ ರುಚಿಯನ್ನು ನಿರ್ಣಯಿಸಿದಂತಾಯಿತು. ಒಂದು ದಿನದ ವಿಚಾರ ಸಂಕಿರಣ, ಹೂಮಾಲೆ, ಅತಿಥಿಯ ಭಾಷಣ, ತಿಂಡಿಯ ಪೊಟ್ಟಣ, ಗುಂಪಿನ ಭಾವಚಿತ್ರ ಇಷ್ಟಾದರೆ ಒಂದು ‘ಕಾರ್ಯಕ್ರಮ’ವಾಯಿತು. ವರ್ಷಕ್ಕೆ ಇಂತಹವು ಎಷ್ಟು ನಡೆದರೂ ಅವುಗಳಿಂದ ಹುಡುಗನು ಒಂದು ರೋಜುಕೀರ್ದಿ ಬರೆಯಲು ಕಲಿತನೆಂದು ಹೇಳುವಂತಿಲ್ಲ.

ಹೊರದೇಶಗಳಲ್ಲಿ ಈ ಶಿಕ್ಷಣವನ್ನು ಒರೆಗೆ ಹಚ್ಚಿ ನೋಡಿದ್ದಾರೆ; ಫಲವು ಎಲ್ಲೆಡೆಯೂ ಸಿಹಿಯಾಗಿಲ್ಲ. ನೆದರ್ಲೆಂಡಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಒಂದು ವರ್ಷ ಸಣ್ಣ ಕಂಪೆನಿಗಳನ್ನು ನಿಜವಾಗಿ ನಡೆಸುವ ಏರ್ಪಾಡಿತ್ತು. 2010ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಅದರಲ್ಲಿ ಸೇರಿದವರ ಕೌಶಲ್ಯವು ಸೇರದವರಿಗಿಂತ ಹೆಚ್ಚಲಿಲ್ಲ. ಸ್ವಂತ ಉದ್ಯಮವನ್ನು ಹೂಡಬೇಕೆಂಬ ಆಸೆಯಂತೂ ಕುಂದಿಹೋಗಿತ್ತು. ಜರ್ಮನಿಯ ಮ್ಯೂನಿಕ್ಕಿನಲ್ಲಿಯೂ ಕಡ್ಡಾಯ ಪಾಠವನ್ನು ಕೇಳಿದವರ ಆಸೆ ಸರಾಸರಿಯಲ್ಲಿ ಇಳಿದಿತ್ತು. ಆದರೆ ಅಲ್ಲಿಯ ವಿದ್ವಾಂಸರು ಇನ್ನೂ ಒಂದನ್ನು ಕಂಡರು. ಪಾಠವು ವಿದ್ಯಾರ್ಥಿಗೆ ತನ್ನ ಸ್ವಭಾವವು ಈ ಕೆಲಸಕ್ಕೆ ಒಗ್ಗುವುದೋ ಇಲ್ಲವೋ ಎಂಬುದನ್ನು ತಿಳಿಸಿಕೊಟ್ಟಿತ್ತು. ಇದನ್ನು ಸೋಲೆಂದು ಕರೆಯಲು ನಮಗೆ ಮನಸ್ಸು ಬಾರದು. ಹೆಂಡತಿಯ ಒಡವೆಯನ್ನು ಅಡವಿಟ್ಟು ಹೋಟೆಲು ತೆರೆದ ಮೇಲೆ ‘ಇದು ನನ್ನಿಂದಾಗದು’ ಎಂದು ತಿಳಿಯುವುದಕ್ಕಿಂತ, ಇಪ್ಪತ್ತನೆಯ ವಯಸ್ಸಿನಲ್ಲಿ ತರಗತಿಯಲ್ಲಿ ಕುಳಿತೇ ತಿಳಿಯುವುದು ಎಷ್ಟೋ ಮೇಲು. ಆದುದರಿಂದ ಎಷ್ಟು ವಿದ್ಯಾರ್ಥಿಗಳಿಗೆ ಉತ್ಸಾಹ ಬಂದಿತು ಎಂಬುದನ್ನು ಅಳೆದು ಶಿಕ್ಷಣದ ಬೆಲೆಯನ್ನು ಕಟ್ಟುವುದು ಶುದ್ಧ ತಪ್ಪು.

ಟ್ಯುನೀಷಿಯಾ ದೇಶದ ಅನುಭವವು ಇನ್ನೂ ಬೋಧಪ್ರದವಾಗಿದೆ. ಅಲ್ಲಿ ಪದವಿಯ ಕೊನೆಯ ವರ್ಷದಲ್ಲಿ ಪ್ರಬಂಧಕ್ಕೆ ಬದಲಾಗಿ ಉದ್ಯಮದ ಯೋಜನೆಯನ್ನು ಬರೆಯಲು ಅವಕಾಶ ಕೊಟ್ಟು, ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಸೇರಿಸಿಕೊಂಡರು. ಹೀಗೆ ಮಾಡಿದುದರಿಂದ ಸೇರಿದವರನ್ನೂ ಸೇರದವರನ್ನೂ ನ್ಯಾಯವಾಗಿ ಹೋಲಿಸಲು ಸಾಧ್ಯವಾಯಿತು. ಒಂದು ವರ್ಷದ ಮೇಲೆ ನೋಡಿದಾಗ ಸ್ವಂತ ಉದ್ಯೋಗಿಗಳು ಅಲ್ಪಸ್ವಲ್ಪ ಹೆಚ್ಚಿದ್ದರು. ನಾಲ್ಕು ವರ್ಷಗಳ ಮೇಲೆ ನೋಡಿದಾಗ ಆ ಹೆಚ್ಚಳವು ಅಳಿಸಿಹೋಗಿತ್ತು. ಒಂದೇ ವರ್ಷಕ್ಕೆ ಲೆಕ್ಕ ಮುಗಿಸಿದ್ದರೆ ಜಯಘೋಷ ಮೊಳಗುತ್ತಿತ್ತು! ಆಫ್ರಿಕದ ಟೋಗೋ ದೇಶದ ರಾಜಧಾನಿಯಲ್ಲಿ 1,500 ಮಂದಿ ಸಣ್ಣ ವ್ಯಾಪಾರಿಗಳ ಮೇಲೆ ನಡೆದ ಪರೀಕ್ಷೆಯು ಮತ್ತೊಂದನ್ನು ತೋರಿಸಿತು. ವಾಡಿಕೆಯ ಲೆಕ್ಕಪತ್ರದ ಪಾಠವನ್ನು ಕೇಳಿದವರ ಲಾಭದಲ್ಲಿ ಗಮನಾರ್ಹವಾದ ಏರಿಕೆ ಕಾಣಲಿಲ್ಲ. ತಾನೇ ಮುಂದಾಗಿ ಅವಕಾಶವನ್ನು ಹುಡುಕುವುದು, ಅಡ್ಡಿ ಬಂದಾಗ ಪಟ್ಟು ಬಿಡದಿರುವುದು ಇವನ್ನು ಅಭ್ಯಾಸ ಮಾಡಿದವರ ಲಾಭ ಸುಮಾರು ಶೇಕಡಾ 30ರಷ್ಟು ಹೆಚ್ಚಿತು. 2017ರಲ್ಲಿ ಪ್ರಕಟವಾದ ಈ ಫಲವು ಕಾಕಿನಾಡದ ಹಳೆಯ ಪಾಠವನ್ನೇ ಐವತ್ತು ವರ್ಷಗಳ ತರುವಾಯ ಮತ್ತೆ ಹೇಳಿತೆನ್ನಬಹುದು.

ಉಜಿರೆಯ ಮಾರ್ಗ

ಇಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ವಾಚಕರಲ್ಲಿ ಅನೇಕರು ಊರಿಗೆ ಹೋಗುವಾಗ ಧರ್ಮಸ್ಥಳದ ದಾರಿಯಲ್ಲಿ ಉಜಿರೆಯನ್ನು ಹಾದಿರುತ್ತಾರೆ. ಅಲ್ಲಿ 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಶನಲ್ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳು ಕೂಡಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಊಟ ವಸತಿಗಳೊಡನೆ ಉಚಿತವಾದ ತರಬೇತಿ. ಹೊಲಿಗೆ, ಯಂತ್ರ ರಿಪೇರಿ, ಹೈನುಗಾರಿಕೆ, ಛಾಯಾಗ್ರಹಣ ಮೊದಲಾದ ಕೆಲವೇ ದಿನಗಳ ಅಥವಾ ವಾರಗಳ ಪಾಠಗಳು. ಇದರಲ್ಲೇನು ವಿಶೇಷವೆಂದು ಕೇಳಬಹುದು. ವಿಶೇಷವಿರುವುದು ತರಬೇತಿಯು ಮುಗಿದ ಮೇಲೆ. ಹುಡುಗನು ಮನೆಗೆ ಹೋದ ಬಳಿಕವೂ ಎರಡು ವರ್ಷಗಳ ಕಾಲ ಸಂಸ್ಥೆಯವರು ಅವನ ಬೆನ್ನು ಹಿಡಿಯುತ್ತಾರೆ. ಬ್ಯಾಂಕಿನ ಸಾಲ ದೊರಕಿತೆ, ಅಂಗಡಿ ತೆರೆದನೆ, ತೆರೆದುದು ನಡೆಯುತ್ತಿದೆಯೆ, ನಿಂತಿದ್ದರೆ ಕಾರಣವೇನು ಎಂದು ವಿಚಾರಿಸುತ್ತಾರೆ. ಪರೀಕ್ಷೆಯಲ್ಲಿ ಉತ್ತೀರ್ಣರಾದವರೆಷ್ಟು ಎಂಬುದಕ್ಕಿಂತ, ದುಡಿಮೆಯಲ್ಲಿ ನೆಲೆನಿಂತವರೆಷ್ಟು ಎಂಬುದೇ ಆ ಸಂಸ್ಥೆಯ ಅಳತೆ. ಈ ಕ್ರಮವನ್ನು ಮೆಚ್ಚಿ ಭಾರತ ಸರಕಾರವು ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಇಂತಹ ಗ್ರಾಮೀಣ ಸಂಸ್ಥೆಗಳನ್ನು ದೇಶದಲ್ಲೆಲ್ಲ ತೆರೆಸಿತು.

ಉಡುಪಿಯಲ್ಲಿ 1925ರಲ್ಲಿ 8,000 ರೂಪಾಯಿಗಳ ಬಂಡವಾಳದಿಂದ ಆರಂಭವಾಗಿ, 1928ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಸಂಗ್ರಹಿಸಿದ ಬ್ಯಾಂಕೇ ಆ ಸಿಂಡಿಕೇಟ್ ಬ್ಯಾಂಕು. 2020ರ ಏಪ್ರಿಲಿನಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಣ್ಣವನಿಗೆ ಬೇಕಾದುದು ಉಪದೇಶದೊಡನೆ ಒಂದಿಷ್ಟು ಹಣ, ಹಣದೊಡನೆ ಒಂದಿಷ್ಟು ಮೇಲ್ವಿಚಾರಣೆ ಎಂಬುದನ್ನು ಅದನ್ನು ಕಟ್ಟಿದವರು ಪುಸ್ತಕ ಓದದೆಯೇ ಅರಿತಿದ್ದರು. ಕೃಷ್ಣರಾಯರಿಗೆ ಹೋಟೆಲನ್ನು ಕಂತಿನ ಮೇಲೆ ಬಿಟ್ಟುಕೊಟ್ಟ ಧಣಿಯು ಮಾಡಿದುದೂ ಇದನ್ನೇ ಅಲ್ಲವೆ? ನಮ್ಮ ಕಾಲೇಜುಗಳಾದರೋ ಪದವಿಪತ್ರವನ್ನು ಕೈಗಿತ್ತ ದಿನವೇ ವಿದ್ಯಾರ್ಥಿಯ ಹೆಸರನ್ನು ಮರೆಯುತ್ತವೆ. ನವೋದ್ಯಮದ ಸ್ಪರ್ಧೆಯಲ್ಲಿ ಗೆದ್ದ ತಂಡದ ಚಿತ್ರ ಪತ್ರಿಕೆಗೆ ಬರುತ್ತದೆ. ಮೂರು ವರ್ಷಗಳ ಮೇಲೆ ಆ ತಂಡ ಏನಾಯಿತೆಂಬ ಸುದ್ದಿ ಎಲ್ಲಿಯೂ ಬರುವುದಿಲ್ಲ.

ಪಾಠದ ಒಳಗಿನ ಹುರುಳಿನ ಬಗ್ಗೆಯೂ ಹೇಳಬೇಕಾದುದಿದೆ. ಸಾಮಾನ್ಯವಾಗಿ ವಿದ್ಯಾರ್ಥಿಗೆ ನಲವತ್ತು ಪುಟಗಳ ಯೋಜನಾ ವರದಿಯನ್ನು ಬರೆಯಲು ಹೇಳುತ್ತಾರೆ: ಮಾರುಕಟ್ಟೆಯ ಗಾತ್ರ, ಐದು ವರ್ಷಗಳ ಲಾಭದ ಅಂದಾಜು, ಬಂಡವಾಳಗಾರರಿಗೆ ಮನವಿ. ಭಾರತ ಮೂಲದ ವಿದುಷಿ ಸರಸ್ ಸರಸ್ವತಿಯವರು ಅಮೆರಿಕದಲ್ಲಿ 27 ಮಂದಿ ಅನುಭವಿ ಉದ್ಯಮಿಗಳು ಯೋಚಿಸುವ ರೀತಿಯನ್ನು ಪರಿಶೀಲಿಸಿ, ಅವರು ಈ ಕ್ರಮವನ್ನು ಅನುಸರಿಸುವುದೇ ಇಲ್ಲವೆಂದು ತೋರಿಸಿದರು. 2001ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಅವರು ಕೊಟ್ಟ ಉದಾಹರಣೆ ನಮ್ಮ ವಾಚಕರಿಗೆ ಮೆಚ್ಚಿಕೆಯಾದೀತು, ಏಕೆಂದರೆ ಅದು ಒಂದು ಭಾರತೀಯ ಹೋಟೆಲಿನದು. ಪುಸ್ತಕದ ಕ್ರಮದವನು ಮೊದಲು ಊರೆಲ್ಲ ವಿಚಾರಣೆ ಮಾಡಿ, ಗಿರಾಕಿಗಳನ್ನು ವಿಂಗಡಿಸಿ, ದೊಡ್ಡ ಮೊತ್ತವನ್ನು ಕೂಡಿಸಿಕೊಂಡು ಹೋಟೆಲು ತೆರೆಯಲು ಹೋಗುತ್ತಾನೆ. ಅನುಭವಿಯಾದರೋ ತನ್ನ ಕೈಯಲ್ಲಿ ಏನಿದೆ, ತನಗೆ ಯಾರು ಗೊತ್ತು, ಹೋದರೆ ಎಷ್ಟು ಹೋದೀತು ಎಂದು ಮೊದಲು ನೋಡಿಕೊಳ್ಳುತ್ತಾನೆ. ಇರುವ ಹೋಟೆಲಿನವನೊಡನೆ ಪಾಲು ಮಾಡಿಕೊಳ್ಳುತ್ತಾನೆ, ಇಲ್ಲವೆ ಪರಿಚಯಸ್ಥರ ಆಫೀಸಿಗೆ ಮಧ್ಯಾಹ್ನದ ಊಟವನ್ನು ಒಯ್ದು ಮಾರಿ ನೋಡುತ್ತಾನೆ. ನಮ್ಮವರು ನೂರು ವರ್ಷಗಳಿಂದ ಮಾಡಿಕೊಂಡು ಬಂದುದಕ್ಕೆ ಅಮೆರಿಕದಿಂದ ಶಾಸ್ತ್ರದ ಆಧಾರ ದೊರೆತುದು ಸೋಜಿಗವೇ ಸರಿ.

ಇನ್ನು ಬಾಡಿಗೆಯ ವಿಷಯ. ಕೆಥೀಡ್ರಲ್ ರೋಡಿನ ಡ್ರೈವ್ ಇನ್ ಹೋಟೆಲು 2008ರಲ್ಲಿ ಮುಚ್ಚಿದುದು ಗಿರಾಕಿಗಳು ತಪ್ಪಿದುದರಿಂದಲ್ಲ. ನೆಲವು ಸರಕಾರದ್ದಾಗಿದ್ದು, ಸರಕಾರವು ಅದನ್ನು ಮರಳಿ ಪಡೆಯಿತು. 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವು ತೆರೆಯಿತು. ಅಷ್ಟು ಹೆಸರಾದ ಸಂಸ್ಥೆಗೇ ಹೀಗಾದ ಮೇಲೆ ಹನ್ನೊಂದು ತಿಂಗಳ ಕರಾರಿನಲ್ಲಿ ಅಂಗಡಿ ಹಿಡಿದವನ ಗತಿಯೇನು? ಒಲೆ, ಗ್ರೈಂಡರು, ಮೇಜು, ಬಣ್ಣ, ದೀಪಗಳಿಗೆ ಹಣ ಸುರಿದು ಗಿರಾಕಿ ಕುದುರುವಷ್ಟರಲ್ಲಿ ಮನೆಯೊಡೆಯನು ಬಾಡಿಗೆಯನ್ನು ಏರಿಸುತ್ತಾನೆ. ಸಣ್ಣ ಹೋಟೆಲುಗಳನ್ನು ಮುಳುಗಿಸುವುದು ಬಹುಶಃ ರುಚಿಯ ದೋಷಕ್ಕಿಂತ ಹೆಚ್ಚಾಗಿ ಈ ಕರಾರುಪತ್ರವೇ. ಕರಾರನ್ನು ಓದುವುದು, ಮುಂಗಡದ ಹಣಕ್ಕೆ ರಸೀತಿ ಪಡೆಯುವುದು, ನಗರಸಭೆಯ ಮತ್ತು ಆಹಾರ ಸುರಕ್ಷತೆಯ ಪರವಾನಗಿ, ಜಿಎಸ್‌ಟಿ ಲೆಕ್ಕ, ಪಾಲುದಾರನೊಡನೆ ಮನಸ್ತಾಪ ಬಂದಾಗ ಬೇರೆಯಾಗುವ ರೀತಿ ಇವು ಪಾಠಪಟ್ಟಿಯ ಮುಂಭಾಗದಲ್ಲಿ ಇರಬೇಕಾದುವು. ವಾಣಿಜ್ಯದ ಅಧ್ಯಾಪಕರು ಇವುಗಳನ್ನು ಕಲಿಸಲಾರರೆಂದು ನಾವು ಹೇಳುವುದಿಲ್ಲ. ಕಲಿಸುವುದಕ್ಕೆ ಅವರಿಗೆ ಪರೀಕ್ಷೆಯ ಪಾಠಪಟ್ಟಿಯು ಎಡೆಗೊಡುವುದಿಲ್ಲ. ಇಲ್ಲಿ ಗುಮಾಸ್ತ ಬಂಧುಗಳಿಗೂ ಒಂದು ಮಾತು. ಹೋಟೆಲಿನವನಿಗೆ ರುಚಿ ಗೊತ್ತು, ನಿಮಗೆ ಲೆಕ್ಕ ಗೊತ್ತು. ಈ ಎರಡು ವಿದ್ಯೆಗಳು ಒಂದೇ ಪಾಲುದಾರಿಕೆಯಲ್ಲಿ ಕೂಡಿದ ಕಡೆಗಳಲ್ಲಿ ಹೋಟೆಲುಗಳು ಮಕ್ಕಳ ಕಾಲದವರೆಗೂ ಉಳಿದಿವೆ.

ಸುಧಾರಣೆಗೆ ಕಾನೂನಿನ ಅಡ್ಡಿಯಿದೆಯೆಂದು ಈಗ ಯಾರೂ ಹೇಳುವಂತಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ನಿಯಮಾವಳಿಯಂತೆ, ತಮ್ಮ ಕ್ಷೇತ್ರದಲ್ಲಿ 15 ವರ್ಷಗಳಿಗೆ ಕಡಮೆಯಿಲ್ಲದ ಅನುಭವವುಳ್ಳ ಗಣ್ಯರನ್ನು ಪದವಿಯ ಹಂಗಿಲ್ಲದೆ ‘ಅನುಭವೀ ಪ್ರಾಧ್ಯಾಪಕ’ರಾಗಿ ನೇಮಿಸಿಕೊಳ್ಳಬಹುದು. ನಲವತ್ತು ವರ್ಷ ಹೋಟೆಲು ನಡೆಸಿದವರು, ಎರಡು ಹೋಟೆಲುಗಳನ್ನು ಮುಚ್ಚಿ ಮೂರನೆಯದರಲ್ಲಿ ನೆಲೆ ಕಂಡವರು ವಡಪಳನಿಯಲ್ಲಿಯೋ ಮಾಂಬಲದಲ್ಲಿಯೋ ಬೇಕಾದಷ್ಟು ಮಂದಿ ಇದ್ದಾರೆ. ಗೆದ್ದ ಕಥೆಯನ್ನು ಹೇಳಲು ಅಲ್ಲ, ಮುಚ್ಚಿದ ಎರಡರ ಲೆಕ್ಕಪುಸ್ತಕಗಳನ್ನು ಬಿಡಿಸಿ ತೋರಿಸಲು ಅವರನ್ನು ಕರೆಯತಕ್ಕದ್ದು. ವಿದ್ಯಾರ್ಥಿಯೂ ಒಂದು ತಿಂಗಳಾದರೂ ಯಾವುದಾದರೊಂದು ಅಂಗಡಿಯ ಗಲ್ಲಾದ ಬಳಿ ಕುಳಿತು ದಿನದ ಶಿಲ್ಕನ್ನು ಬರೆಯಲಿ. ಈ ನಗರದಲ್ಲಿಯೇ ಹುಟ್ಟಿ ಬೆಳೆದ ಝೋಹೋ ಸಂಸ್ಥೆಯು ಕಾಲೇಜಿಗೆ ಹೋಗದ ಹುಡುಗರನ್ನು ಶಾಲೆಯಿಂದಲೇ ಕರೆತಂದು, ಶುಲ್ಕ ಕೇಳದೆ ತಾನೇ ವೇತನ ಕೊಟ್ಟು ಇಪ್ಪತ್ತು ವರ್ಷಗಳಿಂದ ಕಲಿಸುತ್ತಿದೆ. ಅದು ಉದ್ಯಮಿಗಳನ್ನಲ್ಲ, ತನ್ನ ಕೆಲಸಗಾರರನ್ನು ತಯಾರು ಮಾಡುವ ಶಾಲೆ ನಿಜ. ಆದರೂ ಕೆಲಸದ ನಡುವೆ ಪಾಠವು ಎಷ್ಟು ಚೆನ್ನಾಗಿ ತಲೆಗೆ ಹತ್ತುವುದೆಂಬುದಕ್ಕೆ ಅದು ಸಾಕ್ಷಿ. ನಮ್ಮ ಸಂಘಗಳು ವರ್ಷಕ್ಕೊಂದು ಸನ್ಮಾನ ಸಮಾರಂಭಕ್ಕೆ ವೆಚ್ಚ ಮಾಡುವ ಹಣದಲ್ಲಿ, ಹಿಂದೆ ಮುಂಬಯಿಯ ಕನ್ನಡಿಗರು ಹೋಟೆಲಿನ ಹುಡುಗರಿಗಾಗಿ ನಡೆಸಿದ ರಾತ್ರಿ ಶಾಲೆಗಳಂತೆ, ರಾತ್ರಿ ಹತ್ತರ ಮೇಲೆ ವಾರಕ್ಕೆ ಎರಡು ದಿನ ಲೆಕ್ಕ, ಕರಾರು, ಪರವಾನಗಿಗಳ ಪಾಠವನ್ನು ನಡೆಸಿದರೆ ಎಷ್ಟೋ ಉಪಕಾರವಾದೀತು.

ಮೂವತ್ತೈದು ವಯಸ್ಸಾದ ಸಪ್ಲೈಯರಿಗೆ ಕಾಲೇಜಿನ ಮಾತು ಬೇಡವೆನಿಸಬಹುದು. ಅಂತಹವರಿಗಾಗಿ 2008ರಲ್ಲಿ ಕೇಂದ್ರ ಸರಕಾರವು ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮವನ್ನು ಆರಂಭಿಸಿತು. 2022ರಲ್ಲಿ ಸೇವಾ ಉದ್ಯಮಗಳಿಗೆ ಯೋಜನಾ ವೆಚ್ಚದ ಮಿತಿಯನ್ನು 10 ಲಕ್ಷದಿಂದ 20 ಲಕ್ಷ ರೂಪಾಯಿಗಳಿಗೆ ಏರಿಸಿತು. ತಮಿಳುನಾಡು ಸರಕಾರದ ಉದ್ಯಮಶೀಲತಾ ಸಂಸ್ಥೆಯು ಗಿಂಡಿಯಲ್ಲಿದೆ. ತರಬೇತಿಯ ವಿವರಗಳನ್ನು ಅಲ್ಲಿ ವಿಚಾರಿಸಬಹುದು. ಊರಿನಲ್ಲಿರುವ ತಮ್ಮನಿಗಾದರೆ ಉಜಿರೆಯೂ ಬ್ರಹ್ಮಾವರವೂ ಹತ್ತಿರ.

ಮಗನನ್ನು ಕಾಲೇಜಿಗೆ ಸೇರಿಸಲು ಹೊರಟಿರುವವರು ಮಾತ್ರ ಶುಲ್ಕ ಕಟ್ಟುವ ಮೊದಲು ಪ್ರಾಂಶುಪಾಲರನ್ನು ಕಂಡು ವಿನಯದಿಂದಲೇ ಕೆಲವನ್ನು ಕೇಳಬೇಕು. ಐದು ವರ್ಷಗಳ ಹಿಂದೆ ಈ ಪಾಠವನ್ನು ಮುಗಿಸಿದವರಲ್ಲಿ ಇಂದಿಗೂ ಸ್ವಂತ ವ್ಯವಹಾರ ನಡೆಸುತ್ತಿರುವವರೆಷ್ಟು? ಮುಚ್ಚಿದವರೆಷ್ಟು? ಅವರಲ್ಲಿ ಒಬ್ಬಿಬ್ಬರ ವಿಳಾಸ ಕೊಡುವಿರಾ? ಪಾಠ ಹೇಳುವವರಲ್ಲಿ ಸಂಬಳ ಕೊಟ್ಟು ಆಳು ಇಟ್ಟು ಅನುಭವವಿದ್ದವರು ಯಾರು? ಸಮರ್ಪಕವಾದ ಉತ್ತರ ದೊರೆತರೆ ಹಣ ಕಟ್ಟಬಹುದು. ದೊರೆಯದಿದ್ದರೆ ಪ್ರವೇಶದ ಕೊನೆಯ ದಿನ ಯಾವುದೆಂದು ಕೇಳಿಕೊಂಡು, ಅದೇ ರಸ್ತೆಯ ಮುಂದಿನ ಕಾಲೇಜಿಗೆ ಹೋಗಿ ಇದೇ ಪ್ರಶ್ನೆಗಳನ್ನು ಹಾಕತಕ್ಕದ್ದು.